ಗರ್ಭಚೀಲ ತೆಗೆಸುವ ಮುನ್ನ ಒಂದು ಬಣ್ಣದ ಪರೀಕ್ಷೆ

ಆರ್.ಎಚ್. ಕ್ಯಾಂಪಿನ ಮಹಿಳೆಯೊಬ್ಬರು ಬಯಾಪ್ಸಿ ವರದಿ ಹಿಡಿದು ಸಿಂಧನೂರಿಗೆ ಬಂದರೆನ್ನಿ. ಅದರಲ್ಲಿ ‘ಸಿಐಎನ್–2’ ಎಂದಿದೆ. ಮನೆಯವರ ಮೊದಲ ಪ್ರಶ್ನೆ: ‘ಗರ್ಭಚೀಲ ತೆಗೆಸಿಬಿಡೋಣೇನ್ರಿ ಸರ?’ ಅವಸರ ಬೇಡ. ಇದು ಕ್ಯಾನ್ಸರ್ ಅಲ್ಲ, ಅದಕ್ಕೆ ಮುಂಚಿನ ಸ್ಥಿತಿ.

ಗರ್ಭಕಂಠದ ಜೀವಕೋಶಗಳನ್ನು ಕೆಡಿಸುವುದು ಎಚ್‌ಪಿವಿ ಎಂಬ ವೈರಾಣು. ಸಿಐಎನ್–1 ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ಸಿಐಎನ್–3ಕ್ಕೆ ಚಿಕಿತ್ಸೆ ಬೇಕೇ ಬೇಕು. ತೊಡಕಿರುವುದು ನಡುವಿನದರಲ್ಲಿ. ಒಂದೇ ಸ್ಲೈಡ್ ನೋಡಿ ಇಬ್ಬರು ಪೆಥಾಲಜಿಸ್ಟರು ಎರಡು ಮಾತು ಹೇಳುವುದುಂಟು.

ಇಲ್ಲಿ ನೆರವಿಗೆ ಬರುವುದು ‘ಪಿ16’ ಪರೀಕ್ಷೆ. ಅಪಾಯಕಾರಿ ವೈರಾಣು ಜೀವಕೋಶದ ಬೆಳವಣಿಗೆಯ ಕಡಿವಾಣ ಮುರಿದಾಗ ಪಿ16 ಎಂಬ ಪ್ರೋಟೀನು ಕೋಶದೊಳಗೆ ವಿಪರೀತ ತುಂಬಿಕೊಳ್ಳುತ್ತದೆ. ಅದಕ್ಕೆ ಅಂಟುವ ಪ್ರತಿಕಾಯ ಹಾಕಿ ಬಣ್ಣ ಕೊಟ್ಟರೆ ಆ ಭಾಗ ಕಂದಾಗುತ್ತದೆ. ತಳದ ಪದರದಿಂದ ಮೇಲಕ್ಕೆ ಬಿಡುವಿಲ್ಲದೆ ಗಾಢ ಕಂದು ಹರಡಿದ್ದರೆ ನಿಜವಾದ ಪೂರ್ವಕ್ಯಾನ್ಸರ್ ಎಂದು ಹಿಡಿಯುತ್ತಾರೆ. ಅಲ್ಲಲ್ಲಿ ಚುಕ್ಕೆಯಂತಿದ್ದರೆ ಅಥವಾ ಬಣ್ಣವೇ ಬಾರದಿದ್ದರೆ ಕೆಳದರ್ಜೆಯದು ಎನ್ನುತ್ತಾರೆ. 2012ರಲ್ಲಿ ಅಮೆರಿಕದ ತಜ್ಞರು ಇದನ್ನು ಶಿಫಾರಸು ಮಾಡಿದ್ದು ಇಂಥ ಸಂದೇಹಗಳಿಗೇ. ಸಿಐಎನ್–1 ಎಂಬುದು ಸ್ಪಷ್ಟವಾಗಿದ್ದರೆ ಈ ಖರ್ಚು ದಂಡ. ಅಲ್ಲೂ ಕೆಲವೊಮ್ಮೆ ಕಂದು ಬಂದು ಸುಮ್ಮನೆ ಗಾಬರಿ ಹುಟ್ಟಿಸುತ್ತದೆ.

ಹೊಸದಾಗಿ ತುಣುಕು ತೆಗೆಯಬೇಕಾಗಿಲ್ಲ. ಪ್ರಯೋಗಾಲಯದಲ್ಲಿ ಮೇಣದ ಅಚ್ಚಿನಲ್ಲಿ ಉಳಿದ ತುಣುಕೇ ಸಾಮಾನ್ಯವಾಗಿ ಸಾಕು. ಸೌಲಭ್ಯವಿರುವ ಊರಿಗೆ ಅಚ್ಚು ಹೋದರಾಯಿತು, ರೋಗಿ ಅಲೆಯಬೇಕಿಲ್ಲ.

ಪೂರ್ವಕ್ಯಾನ್ಸರ್ ಎಂದು ಖಚಿತವಾದರೂ ಸಾಮಾನ್ಯವಾಗಿ ಕೆಟ್ಟ ಭಾಗವನ್ನಷ್ಟೇ ತೆಗೆಯುತ್ತಾರೆ, ಗರ್ಭಚೀಲ ಉಳಿಯುತ್ತದೆ. ಅದರಿಂದಲೂ ಮುಂದೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ತುಸು ಹೆಚ್ಚುವುದರಿಂದ, ಮಕ್ಕಳಾಗಬೇಕಾದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಬಣ್ಣ ಬಾರದವರೂ ಹೇಳಿದ ದಿನಕ್ಕೆ ಮರುತಪಾಸಣೆಗೆ ಬರಬೇಕು.