ಟೆಲಿಫೋನ್ ಲೈನಿನ ಪಾಳಿ

ಇಬ್ಬರು ಟೆಲಿಫೋನಿನಲ್ಲಿ ಮಾತಾಡಲು ಒಂದು ಜೋಡಿ ತಂತಿ ಸಾಕು. ನಾಲ್ಕು ಮನೆ ಇದ್ದರೆ? ಪ್ರತಿ ಮನೆಯಿಂದ ಪ್ರತಿ ಮನೆಗೆ ಎಳೆದರೆ 6 ಜೋಡಿ ಬೇಕು. 100 ಮನೆ ಇದ್ದರೆ 4950 ಜೋಡಿ! ಊರ ಮ್ಯಾಲೆ ಜೇಡರ ಬಲೆ ಆದೀತು. ಅದಕ್ಕೇ ಎಲ್ಲ ಮನೆಯ ತಂತಿಯನ್ನೂ ಒಂದೇ ಕಡೆ ತಂದು, ಬೇಕಾದಾಗ ಬೇಕಾದವರಿಗೆ ಜೋಡಿಸುವ ಏರ್ಪಾಡು ಮಾಡಿದರು. ಅದೇ ಎಕ್ಸ್‌ಚೇಂಜ್. ಆಗ 100 ಮನೆಗೆ 100 ಜೋಡಿ ಸಾಕು. ನಮ್ಮ ದೇಶದಲ್ಲಿ 1882ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜ್ ಶುರುವಾದವು.

ಮೊದಲು ಜೋಡಿಸುವ ಕೆಲಸ ಆಪರೇಟರ್ ಕೈಯಲ್ಲಿತ್ತು. ಹಲಗೆಯ ತೂತಿಗೆ ವಯರಿನ ಪಿನ್ ಸಿಕ್ಕಿಸಬೇಕು. ತಾನೇ ಜೋಡಿಸುವ ಯಂತ್ರಕ್ಕೆ 1891ರಲ್ಲಿ ಅಮೆರಿಕದ ಆಲ್ಮನ್ ಸ್ಟ್ರೌಜರ್ ಪೇಟೆಂಟ್ ಪಡೆದನು. ಅವನು ಎಂಜಿನಿಯರ್ ಅಲ್ಲ, ಸತ್ತವರ ಸಂಸ್ಕಾರಕ್ಕೆ ಏರ್ಪಾಡು ಮಾಡುವ ವ್ಯಾಪಾರಿ! ನನಗಂತೂ ಬಹಳ ಆಶ್ಚರ್ಯವಾಯಿತು.

ಹೀಗೆ ಜೋಡಿಸಿದ ದಾರಿಗೆ ಸರ್ಕಿಟ್ ಎನ್ನುತ್ತಾರೆ. ಹೊಲಕ್ಕೆ ನೀರಿನ ಪಾಳಿ ಇರುತ್ತದಲ್ಲ, ಇದೂ ಹಂಗ. ನಿಮ್ಮ ಪಾಳಿ ಬಂದಾಗ ಕಾಲುವೆಯ ನೀರು ನಿಮ್ಮ ಹೊಲಕ್ಕೇ. ನೀವು ಬದುವಿನ ಮ್ಯಾಲೆ ಮಲಗಿದರೂ ಪಾಳಿ ನಿಮ್ಮದೇ, ಪಕ್ಕದ ಹೊಲದವರು ಕಾಯಬೇಕು. ಟೆಲಿಫೋನಿನಲ್ಲೂ ಇಬ್ಬರೂ ಸುಮ್ಮನೆ ಕುಂತರೂ ಲೈನು ಅವರದೇ, ಬಿಲ್ಲೂ ಏರುತ್ತದೆ. ಮಧ್ಯೆ ಯಾರೂ ನುಗ್ಗುವುದಿಲ್ಲ, ಅದು ಲಾಭ. ಆದರೆ ಊರಿಂದ ಊರಿಗೆ ಹೋಗುವ ಲೈನು ನಾಲ್ಕೇ ಇದ್ದರೆ ಐದನೆಯವರಿಗೆ ಜಾಗವಿಲ್ಲ.

ನಮ್ಮ ಅಜ್ಜ ಪ್ರಾಯದಲ್ಲಿದ್ದಾಗ ಬ್ಯಾಡಗಿಯ ದಲಾಲಿ ಅಂಗಡಿಗೆ ಮೆಣಸಿನಕಾಯಿ ರೇಟು ಕೇಳಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದರಂತೆ. "ಒಮ್ಮೆ ಮುಂಜಾನೆ ಕುಂತಾಂವ ಸಂಜಿ ಆದ್ರೂ ಲೈನ್ ಸಿಗಲಿಲ್ಲ ತಮ್ಮಾ. ಹಿಂದಿನ ವಾರದ ರೇಟು ನಂಬಿ ಚೀಲ ಹೇರಿಕೊಂಡು ಹೋದ್ರ ಅಲ್ಲಿ ರೇಟು ಬಿದ್ದಿತ್ತು" ಅಂತಾರೆ. ಕಾಯಿ ವಾಪಸ್ ತಂದರೆ ಬಾಡಿಗೆ ಮ್ಯಾಲೆ ಬಾಡಿಗೆ. ಅದಕ್ಕೆ ಬಂದಷ್ಟಕ್ಕೇ ಮಾರಿ ಬಂದರು.

ಹಳ್ಳಿಯ ಟೆಲಿಫೋನಿಗೆ ಒಳ್ಳೆಯ ಕಾಲ ಬಂದದ್ದು ನಮ್ಮ ಕಡೆಯಿಂದಲೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1984ರಲ್ಲಿ ಕೇಂದ್ರ ಸರಕಾರ ಸಿ-ಡಾಟ್ ಎಂಬ ಸಂಸ್ಥೆ ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದರು. ಆ ಸಂಸ್ಥೆ ಹಳ್ಳಿಗಾಗಿ 128 ಲೈನಿನ ಚಿಕ್ಕ ಡಿಜಿಟಲ್ ಎಕ್ಸ್‌ಚೇಂಜ್ ತಯಾರಿಸಿತು. ಅದರಲ್ಲಿ ಮೊದಲನೆಯದನ್ನು 1986ರಲ್ಲಿ ಕೂಡಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ! ರಾಣೆಬೆನ್ನೂರಿನಿಂದ ಹೈವೇ ಹಿಡಿದು ಹುಬ್ಬಳ್ಳಿ, ಧಾರವಾಡ ದಾಟಿದರೆ ಕಿತ್ತೂರು. ಧೂಳು, ಬಿಸಿಲು ಇದ್ದರೂ ಏಸಿ ಇಲ್ಲದೆ ಅದು ನಡೆಯುತ್ತಿತ್ತು.

ಡಿಜಿಟಲ್ ಅಂದರೆ ನಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುವುದು. ಪ್ರತಿ ಅಳತೆಯನ್ನು ಎಂಟು 0 ಅಥವಾ 1ಗಳಲ್ಲಿ ಬರೆಯುತ್ತಾರೆ. 8000 × 8 = 64000. ಒಂದು ಮಾತಿಗೆ ಸೆಕೆಂಡಿಗೆ ಅಷ್ಟು ಅಂಕಿ ಕಳಿಸುವ ಜಾಗ ಮೀಸಲು. ಸುಮ್ಮನಿದ್ದರೂ ಅಷ್ಟೇ.

ಇಂಟರ್‌ನೆಟ್‌ನಲ್ಲಿ ಪಾಳಿ ಇಲ್ಲ. ಬ್ಯಾಡಗಿಗೆ ಹೋಗುವ ಲಾರಿ ನೋಡಿರಿ. ಒಂದೇ ಲಾರಿಯಲ್ಲಿ ಹತ್ತು ರೈತರ ಚೀಲ. ಚೀಲದ ಮ್ಯಾಲೆ ಹೆಸರು ಬರೆದಿರುತ್ತದೆ, ಅಲ್ಲಿ ಇಳಿಸಿ ಬೇರೆ ಬೇರೆ ಮಾಡುತ್ತಾರೆ. ಹಾಗೆಯೇ ಮಾತು, ಚಿತ್ರ ಎಲ್ಲವನ್ನೂ ಚಿಕ್ಕ ಚಿಕ್ಕ ಪ್ಯಾಕೆಟ್ ಮಾಡಿ ವಿಳಾಸ, ನಂಬರು ಹಾಕಿ ಕಳಿಸುತ್ತಾರೆ. ಯಾರೂ ಲೈನನ್ನು ಹಿಡಿದಿಡುವುದಿಲ್ಲ. ಈಗ 4ಜಿ ಫೋನಿನಲ್ಲಿ ಮಾತೂ ಹೀಗೇ ಹೋಗುತ್ತದೆ. ವಿಡಿಯೋ ಕಾಲಿನಲ್ಲಿ ಒಮ್ಮೊಮ್ಮೆ ಮುಖ ನಿಂತುಬಿಡುತ್ತದಲ್ಲ, ಯಾವುದೋ ಚೀಲ ದಾರಿಯಲ್ಲೇ ಉಳಿದಿರುತ್ತದೆ.

ಇಂಟರ್‌ನೆಟ್ ಮನೆಗೆ ಬರಲು ಹಳೆಯ ಟೆಲಿಫೋನ್ ತಂತಿಯನ್ನೇ ಬಳಸುವ ಉಪಾಯಕ್ಕೆ ಡಿಎಸ್‌ಎಲ್ ಎನ್ನುತ್ತಾರೆ. ಫೋನಿನಲ್ಲಿ ನಮ್ಮ ಮಾತಿಗೆ ಸೆಕೆಂಡಿಗೆ 300ರಿಂದ 3400 ಕಂಪನ ಸಾಕು. ಅದರ ಮೇಲಿನ ಕಂಪನಗಳು ತಾಮ್ರದ ತಂತಿಯಲ್ಲಿ ಖಾಲಿ ಇರುತ್ತವೆ, ಅಲ್ಲಿ ಇಂಟರ್‌ನೆಟ್ ಓಡುತ್ತದೆ. ಆದರೆ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಶಕ್ತಿ ಕುಂದುತ್ತದೆ. ಪೇಟೆಯವರಿಗೆ ಸಿಕ್ಕಿದ್ದು ದೂರದ ಹಳ್ಳಿಗೆ ಸಿಗದಿರಲು ಇದೂ ಒಂದು ಕಾರಣ. ಗಾಜಿನ ಎಳೆಯಲ್ಲಿ ಬೆಳಕು ಹಾಯಿಸುವ ಫೈಬರಿಗೆ ಈ ತೊಂದರೆ ಬಹಳ ಕಡಿಮೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಅದರ ಈಗಿನ ಹೆಸರು ಭಾರತ್‌ನೆಟ್.

ಪ್ರಶ್ನೆ: ನಮ್ಮ ತರಗತಿಯಲ್ಲಿ 32 ಮಕ್ಕಳು ಇದ್ದೇವೆ. ಎಕ್ಸ್‌ಚೇಂಜ್ ಇಲ್ಲದೆ ಎಲ್ಲರಿಗೂ ಎಲ್ಲರ ಜೊತೆ ಲೈನು ಬೇಕೆಂದರೆ ಎಷ್ಟು ಜೋಡಿ ತಂತಿ ಬೇಕು? ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿರಿ.

– 7ನೇ ತರಗತಿ