ತತ್ತಿಯೊಳಗಿನ ಗಡಿಯಾರ

ಚಚಡಿಯಲ್ಲಿ ನಮ್ಮ ಆಯಿ ಕೋಳಿ ಕಾವಿಗೆ ಕೂಡ್ರಿಸಿದ ದಿನದಿಂದ ಬೆರಳು ಎಣಿಸ್ತಾಳೆ. 21 ದಿನಕ್ಕೆ ಮರಿ. "ತತ್ತಿಯೊಳಗ ಯಾರು ಎಣಸ್ತಾರ ಆಯಿ?" ಅಂತ ಸಣ್ಣವನಿದ್ದಾಗ ಕೇಳಿದ್ದೆ. "ನಿಮ್ಮ ಮುತ್ಯಾ ಕುಂತಾನ ಒಳಗ" ಅಂದಿದ್ದಳು.

ದಿನ ಎಣಿಸೋರು ಗೊತ್ತಿಲ್ಲ, ಆದರೆ ಒಂದೂವರೆ ತಾಸು ಎಣಿಸೋ ಗಡಿಯಾರ ಒಳಗೆ ನಿಜವಾಗಿಯೂ ಇದೆ. ಕಾವು ಶುರುವಾಗಿ ಸುಮಾರು ಒಂದು ದಿನ ಕಳೆದ ಮೇಲೆ ಭ್ರೂಣದ ಬೆನ್ನಿನುದ್ದಕ್ಕೂ ಜೀವಕೋಶಗಳ ಪುಟ್ಟ ಗಂಟುಗಳು ಜೋಡಿಜೋಡಿಯಾಗಿ ಮೂಡುತ್ತವೆ. ಇವಕ್ಕೆ ಸೊಮೈಟ್ ಅಂತ ಹೆಸರು. ಬೆನ್ನುಮೂಳೆಯ ಮಣಿ, ಪಕ್ಕೆಲುಬು ಎಲ್ಲ ಆಗೋದು ಇವುಗಳಿಂದಲೇ. ತಲೆ ಕಡೆಯಿಂದ ಬಾಲದ ಕಡೆಗೆ, ಕೋಳಿಯಲ್ಲಿ 90 ನಿಮಿಷಕ್ಕೊಂದು ಜೋಡಿ. ಜೀಬ್ರಾ ಮೀನಿಗೆ 30 ನಿಮಿಷ, ಇಲಿಗೆ 2 ತಾಸು, ಮನುಷ್ಯನಿಗೆ ಸುಮಾರು 5 ತಾಸು.

1976ರಲ್ಲಿ ಕುಕ್ ಮತ್ತು ಜೀಮನ್ ಒಂದು ಊಹೆ ಮಾಡಿದರು. ಒಬ್ಬ ಮನುಷ್ಯ ರಸ್ತೆ ಮೇಲೆ ಒಂದೇ ವೇಗದಲ್ಲಿ ನಡೀತಾನೆ, ಗಂಟೆ ಬಾರಿಸಿದಾಗೆಲ್ಲ ಒಂದು ಕಲ್ಲು ನೆಡ್ತಾನೆ ಅಂದ್ಕೊಳ್ಳಿ. ಕಲ್ಲುಗಳ ನಡುವಿನ ಅಂತರ ಅಂದ್ರೆ ವೇಗ ಗುಣಿಸು ಅವಧಿ, ಅಷ್ಟೇ. ಹಾವಿನಲ್ಲಿ ಬೆಳವಣಿಗೆಯ ವೇಗಕ್ಕೆ ಹೋಲಿಸಿದ್ರೆ ಗಂಟೆ ಬೇಗಬೇಗ ಬಾರಿಸ್ತದೆ, ಅದಕ್ಕೇ ಅಷ್ಟೊಂದು ಮಣಿ. ಆ ಗಂಟೆ ಕಣ್ಣಿಗೆ ಬಿದ್ದದ್ದು ಮಾತ್ರ 1997ರಲ್ಲಿ. ಒಲಿವಿಯೆ ಪೂರ್ಕಿಯೆ ಅವರ ತಂಡ ಕೋಳಿ ಭ್ರೂಣದಲ್ಲಿ ಒಂದು ಜೀನ್ 90 ನಿಮಿಷಕ್ಕೊಮ್ಮೆ ಆನ್-ಆಫ್ ಆಗೋದನ್ನು ಕಂಡಿತು.

ನಮ್ಮ ಮಂದಿಗೆ ರುಚಿಸೋ ಭಾಗ ಇಲ್ಲಿದೆ. ಇಲಿಯಲ್ಲಿ ಹೆಸ್7 ಅನ್ನೋ ಜೀನ್ ತಯಾರಿಸಿದ ಪ್ರೋಟೀನ್ ವಾಪಸ್ ಬಂದು ಅದೇ ಜೀನನ್ನು ಬಂದ್ ಮಾಡ್ತದೆ. ಪ್ರೋಟೀನ್ ಕರಗಿದ ಮೇಲೆ ಜೀನ್ ಮತ್ತೆ ಚಾಲೂ. ನೆಗೆಟಿವ್ ಫೀಡ್‌ಬ್ಯಾಕ್! ಆದರೆ ಫೀಡ್‌ಬ್ಯಾಕ್ ತಕ್ಷಣ ಬಂದ್ರೆ ಎಲ್ಲ ನಡುಮಟ್ಟಕ್ಕೆ ಬಂದು ಸುಮ್ಮನಾಗ್ತದೆ, ಆಸಿಲೇಷನ್ ಇರೋದಿಲ್ಲ. ತಡ ಬೇಕೇ ಬೇಕು. ಲ್ಯಾಬಿನಲ್ಲಿ ಲೂಪ್ ಡಿಲೇಯಿಂದ ಔಟ್‌ಪುಟ್ ಕುಣಿದು ವೈವಾದಲ್ಲಿ ಬೈಸಿಕೊಂಡ ನನಗೆ ಇದನ್ನ ಓದಿ ಸ್ವಲ್ಪ ಸಮಾಧಾನ ಆಯ್ತು.

ಆ ತಡದ ಒಂದು ಪಾಲು ಬರೋದು ಇಂಟ್ರಾನ್‌ಗಳಿಂದ, ಅಂದ್ರೆ ಜೀನನ್ನು ನಕಲು ಮಾಡಿದ ಮೇಲೆ ಕತ್ತರಿಸಿ ಬಿಸಾಕೋ ತುಂಡುಗಳಿಂದ. 2011ರಲ್ಲಿ ಜಪಾನಿನ ಕಾಗೆಯಾಮಾ ತಂಡ ಇಲಿಯ ಹೆಸ್7ನಿಂದ ಅವನ್ನೆಲ್ಲ ತೆಗೆದುಹಾಕಿತು. ತಡದಲ್ಲಿ ಕಮ್ಮಿಯಾದದ್ದು ಬರೀ ಸುಮಾರು 19 ನಿಮಿಷ. ಪ್ರೋಟೀನ್ ಅದೇ, ಆದರೆ ಗಡಿಯಾರ ನಿಂತಿತು. ಮರಿಗಳ ಬೆನ್ನಿನ ಮಣಿ, ಪಕ್ಕೆಲುಬುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮನುಷ್ಯರಲ್ಲೂ ಹೆಸ್7 ಕೆಟ್ಟರೆ ಮಕ್ಕಳು ಇಂಥದೇ ತೊಂದರೆಯೊಂದಿಗೆ ಹುಟ್ಟಬಹುದು.

ರಜೆಯಲ್ಲಿ ಇದನ್ನೆಲ್ಲ ಆಯಿಗೆ ಹೇಳಿದೆ. ಪೂರ್ತಿ ಕೇಳಿ, "ಒಂದೂವರಿ ತಾಸಿಗೊಂದು ಮಣಿ? ಹಂಗಾರ ರಾತ್ರಿನೂ ನಿದ್ದಿ ಇಲ್ಲ ಪಾಪ ಅದಕ್ಕ" ಅಂದಳು.