ಸೋಯಾ ಹಿಂಡಿಯ ಆಮದೂ ಮುಂದಾಲೋಚನೆಯೂ

ಎಣ್ಣೆಕಾಳಿನಿಂದ ಎಣ್ಣೆಯನ್ನು ತೆಗೆದ ಬಳಿಕ ಉಳಿಯುವ ಪದಾರ್ಥಕ್ಕೆ ಹಿಂಡಿಯೆಂದು ಹೆಸರು. ಶೇಂಗಾ ಹಿಂಡಿಯನ್ನೂ ಹತ್ತಿಕಾಳಿನ ಹಿಂಡಿಯನ್ನೂ ದನಗಳಿಗೆ ಇಕ್ಕುವುದನ್ನು ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಮಕ್ಕಳು ಕಂಡೇ ಇರುವರು. ಆದರೆ ಇಂದು ಲೋಕದ ಪಶು ಆಹಾರದ ಹಿಂಡಿಗಳಲ್ಲಿ ಅಗ್ರಸ್ಥಾನವು ಸೋಯಾ ಹಿಂಡಿಗೆ ಸಂದಿದೆ. ನೂರು ಕಿಲೋ ಸೋಯಾ ಕಾಳಿನಿಂದ ಸುಮಾರು 18 ಕಿಲೋ ಎಣ್ಣೆಯೂ 80 ಕಿಲೋ ಹಿಂಡಿಯೂ ದೊರೆಯುವುವು. ಈ ಹಿಂಡಿಯಲ್ಲಿ ಪ್ರೋಟೀನು, ಎಂದರೆ ಸಸಾರಜನಕವು, ಶೇಕಡ 44ರಿಂದ 48ರಷ್ಟು ಇರುವುದು. ಮೆಕ್ಕೆಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಪೋಷಕಾಂಶವು ಇದರಲ್ಲಿ ಹೇರಳವಾಗಿರುವುದರಿಂದ, ಕೋಳಿಗಳಿಗೆ ಇವೆರಡನ್ನೂ ಬೆರೆಸಿ ಕೊಡುವರು.

ವಿದ್ಯಾರ್ಥಿಗಳೇ, ಒಂದು ಲೆಕ್ಕವನ್ನು ಮಾಡಿ ನೋಡಿರಿ. ಮೊಟ್ಟೆಯಿಡುವ ಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಆಹಾರವನ್ನು ತಿನ್ನುವುದು. ಸಾವಿರ ಕೋಳಿಗಳಿಗೆ 110 ಕಿಲೋ ಬೇಕು. ಅದರ ಐದನೆಯ ಒಂದು ಪಾಲು ಸೋಯಾ ಹಿಂಡಿಯಾದರೆ 22 ಕಿಲೋ ಆಯಿತು. ಹಿಂಡಿಯ ಧಾರಣೆಯು ಕಿಲೋಗೆ 40 ರೂಪಾಯಿ ಇರುವಾಗ ದಿನದ ವೆಚ್ಚ 880 ರೂಪಾಯಿ. 100 ರೂಪಾಯಿಗೆ ಏರಿದಾಗ 2,200 ರೂಪಾಯಿ. ದಿನವೊಂದಕ್ಕೆ 1,320 ರೂಪಾಯಿಯ ಹೆಚ್ಚಿನ ಹೊರೆಯನ್ನು ಸಣ್ಣ ಸಾಕಾಣಿಕೆದಾರನು ಎಷ್ಟು ದಿನ ಹೊತ್ತಾನು? ಧಾರಣೆ ಏರಿತೆಂದು ಕೋಳಿಯ ಹಸಿವು ಕಡಿಮೆಯಾಗುವುದಿಲ್ಲವಷ್ಟೆ.

ಇಂತಹ ಪರಿಸ್ಥಿತಿಯು 2021ರಲ್ಲಿ ನಮ್ಮ ದೇಶಕ್ಕೆ ನಿಜವಾಗಿಯೂ ಒದಗಿತು. ಸಾಮಾನ್ಯವಾಗಿ ಭಾರತವು ಸೋಯಾ ಹಿಂಡಿಯನ್ನು ರಫ್ತು ಮಾಡುವ ದೇಶ. ಆದರೆ ಆ ವರ್ಷ ಕಾಳಿನ ಅಭಾವವುಂಟಾಗಿ ಹಿಂಡಿಯ ಬೆಲೆಯು ಟನ್ನಿಗೆ ಲಕ್ಷ ರೂಪಾಯಿಯ ಸಮೀಪಕ್ಕೆ ಹೋಯಿತು. ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರವು 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿಯನ್ನಿತ್ತಿತು. ಅದು ಕುಲಾಂತರಿ ಸೋಯಾದ ಹಿಂಡಿಯಾಗಿದ್ದುದರಿಂದ, ಬಿತ್ತಿದರೆ ಮೊಳೆಯಬಲ್ಲ ಕಾಳು ಬರಕೂಡದೆಂದು ಕಟ್ಟಳೆಯನ್ನು ವಿಧಿಸಲಾಯಿತು.

ಆದರೆ ಅನುಮತಿ ದೊರೆತ ಮಾತ್ರಕ್ಕೆ ಹಿಂಡಿಯು ಕೊಟ್ಟಿಗೆಗೆ ಬಂದು ಬೀಳುವುದಿಲ್ಲ. ಹೊರದೇಶಗಳಿಗೆ ಅತ್ಯಧಿಕವಾಗಿ ಸೋಯಾ ಹಿಂಡಿಯನ್ನು ಕಳುಹಿಸುವ ದೇಶ ಅರ್ಜೆಂಟೀನ. ಅಲ್ಲಿಂದ ನಮ್ಮ ತೀರಕ್ಕೆ ಹಡಗು ಬರಲು ಒಂದು ತಿಂಗಳಿಗೂ ಹೆಚ್ಚು ಕಾಲ ಬೇಕು. ಮಾಂಸದ ಕೋಳಿಯ ಮರಿಯಾದರೋ ಸುಮಾರು ಆರು ವಾರಗಳಲ್ಲಿಯೇ ಮಾರಾಟಕ್ಕೆ ಸಿದ್ಧವಾಗುವುದು. ಅಭಾವ ತಲೆದೋರಿದ ಮೇಲೆ ಹಡಗನ್ನು ತರಿಸುವುದು ಬಾಯಾರಿದಾಗ ಬಾವಿ ತೋಡಿದಂತೆ.

ಒಬ್ಬರನ್ನೇ ನಂಬಿದರೆ ಏನಾಗುವುದೆಂಬುದಕ್ಕೆ ಜಪಾನಿನ ಇತಿಹಾಸವು ಉತ್ತಮ ಪಾಠ. ಆ ದೇಶವು ತನಗೆ ಬೇಕಾದ ಸೋಯಾ ಕಾಳಿನ ಬಹುಭಾಗವನ್ನು ಅಮೆರಿಕದಿಂದಲೇ ತರಿಸುತ್ತಿತ್ತು. 1972ರಲ್ಲಿ ಪೆರು ದೇಶದ ಕಡಲು ಬೆಚ್ಚಗಾಗಿ, ಪಶು ಆಹಾರಕ್ಕೆ ಒಣಗಿಸಿ ಪುಡಿಮಾಡುತ್ತಿದ್ದ ಸಣ್ಣ ಮೀನುಗಳು ಕ್ಷೀಣಿಸಿದವು. ಎಲ್ಲರೂ ಸೋಯಾದ ಕಡೆಗೆ ತಿರುಗಲು ಬೆಲೆಯು ಗಗನಕ್ಕೇರಿತು. 1973ರ ಜೂನ್ 27ರಂದು ಅಮೆರಿಕವು ಸೋಯಾ ರಫ್ತನ್ನೇ ತಡೆಯಿತು. ಕೆಲವು ದಿನಗಳಲ್ಲಿ ತಡೆಯನ್ನು ಸಡಿಲಿಸಿದರೂ, ಕರಾರಾಗಿದ್ದ ಕಾಳಿನಲ್ಲಿ ಅರ್ಧವನ್ನು ಮಾತ್ರ ಬಿಟ್ಟುಕೊಟ್ಟಿತು. ಹಣವಿದ್ದರೂ ಸರಕು ದೊರೆಯದಿರಬಹುದೆಂಬ ಸತ್ಯವು ಜಪಾನೀಯರಿಗೆ ಮನದಟ್ಟಾಯಿತು. ಅವರು ಬ್ರೆಜಿಲಿನೊಡನೆ ಸ್ನೇಹವನ್ನು ಬೆಳೆಸಿ, ಅಲ್ಲಿಯ ಸೆರಾಡೋ ಎಂಬ ಹುಲ್ಲುಬಯಲಿನ ಹುಳಿಮಣ್ಣಿಗೆ ಸುಣ್ಣವನ್ನು ಬೆರೆಸಿ ಸಾಗುವಳಿ ಮಾಡುವ ಯೋಜನೆಗೆ 1979ರಿಂದ ನೆರವಿತ್ತರು. ಇಂದು ಬ್ರೆಜಿಲ್ ಸೋಯಾ ಬೆಳೆಯುವ ದೇಶಗಳಲ್ಲೆಲ್ಲ ಮೊದಲನೆಯದು.

ಇದರಿಂದ ನಾವು ಗ್ರಹಿಸಬೇಕಾದ ಉಪಾಯಗಳು ನಾಲ್ಕು. ಒಂದನೆಯದು, ಒಂದೇ ದೇಶವನ್ನಾಗಲಿ ಒಬ್ಬನೇ ವರ್ತಕನನ್ನಾಗಲಿ ನೆಚ್ಚದಿರುವುದು. ಎರಡನೆಯದು, ಹಡಗು ತಡವಾದರೂ ಸಾಲುವಷ್ಟು ದಾಸ್ತಾನನ್ನಿಡುವುದು. ಆದರೆ ತೇವ ತಗುಲಿದ ಹಿಂಡಿಗೆ ಬೂಷ್ಟು ಹಿಡಿದು ವಿಷವಾಗುವುದರಿಂದ ಉಗ್ರಾಣವು ಒಣಗಿರಬೇಕು. ಮೂರನೆಯದು, ಬೇಕಾದುದರ ಒಂದು ಭಾಗಕ್ಕೆ ಮುಂಚಿತವಾಗಿಯೇ ಬೆಲೆಯನ್ನು ಗೊತ್ತುಮಾಡಿಕೊಳ್ಳುವುದು. ನಾಲ್ಕನೆಯದು, ಶೇಂಗಾ, ಸೂರ್ಯಕಾಂತಿ ಮೊದಲಾದ ಹಿಂಡಿಗಳನ್ನು ಬಲ್ಲವರ ಸಲಹೆಯಂತೆ ಹಿತಮಿತವಾಗಿ ಬೆರೆಸುವುದು.

ಈ ವಿಷಯಕ್ಕೆ ಇನ್ನೊಂದು ಮುಖವೂ ಉಂಟು. ನಮ್ಮ ಜಿಲ್ಲೆಯಲ್ಲಿಯೂ ಸಮೀಪದ ಲಾತೂರು, ಬೀದರ ಜಿಲ್ಲೆಗಳಲ್ಲಿಯೂ ಸೋಯಾ ಬೆಳೆಯುವ ಒಕ್ಕಲಿಗರು ಅನೇಕರು. ಸುಗ್ಗಿಯ ಹೊತ್ತಿಗೆ ಪರದೇಶದ ಹಿಂಡಿ ಬಂದಿಳಿದರೆ ಅವರ ಕಾಳಿನ ಧಾರಣೆ ಕುಸಿಯುವುದು. 2021ರಲ್ಲಿ ಬೆಳೆಗಾರರು ಆಮದನ್ನು ವಿರೋಧಿಸಿದುದು ಈ ಕಾರಣದಿಂದಲೇ. ಒಂದೇ ಊರಿನಲ್ಲಿ ಒಬ್ಬನು ಕಾಳು ಮಾರುವನು, ಮತ್ತೊಬ್ಬನು ಹಿಂಡಿ ಕೊಳ್ಳುವನು, ಇಬ್ಬರೂ ಬದುಕಬೇಕು. ಆದುದರಿಂದ ಆಮದು ಎಷ್ಟು ಎಂಬುದರಂತೆಯೇ ಯಾವಾಗ ಎಂಬುದೂ ಮುಖ್ಯವಾದುದು.

ಪಾಲಕರು ಕೋಳಿಮರಿಗಳನ್ನು ತರುವ ಮುನ್ನವೇ ಅವು ಬೆಳೆಯುವವರೆಗಿನ ಆಹಾರದ ಲೆಕ್ಕವನ್ನು ಹಾಕಲಿ. ಮಕ್ಕಳು ಪೇಟೆಯ ಸೋಯಾ ಕಾಳಿನ ಧಾರಣೆಯನ್ನೂ ಹಿಂಡಿಯ ಧಾರಣೆಯನ್ನೂ ವಾರಕ್ಕೊಮ್ಮೆ ಬರೆದಿಟ್ಟು, ವರ್ಷಾಂತ್ಯದಲ್ಲಿ ಹೋಲಿಸಿ ನೋಡಲಿ. ತರಗತಿಯಲ್ಲಿ ಕಲಿತ ಗಣಿತವೂ ಭೂಗೋಳವೂ ಮನೆಯ ಬದುಕಿಗೆ ಹೇಗೆ ಒದಗುವುವೆಂಬುದು ಆಗ ಅವರಿಗೇ ತಿಳಿದೀತು.